ಕೋವಿಗೆ ವಾರಸುದಾರನಿದ್ದಾನೆ, ಗೋಡೆಯಿಲ್ಲ

ಮಲೆನಾಡು, ಕೊಡಗು, ಕರಾವಳಿಯ ಹಳೆಯ ಮನೆಗಳಲ್ಲಿ ಪಾಲು ಪಂಚಾಯಿತಿ ನಡೆದಾಗ ತೋಟ, ಗದ್ದೆ, ಒಡವೆಗಳ ಮಾತೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಕೋವಿ ಯಾರಿಗೆ? ಅದನ್ನು ಭಾಗ ಮಾಡಲಾಗದು, ಮಾರಲು ಮನಸ್ಸು ಬಾರದು. ಊರಲ್ಲಿ ಉಳಿದವರಿಗೆ ವಯಸ್ಸಾಗಿದೆ. ಹೆಸರಿಗೆ ಮಾಡಿಸಿಕೊಳ್ಳುವ ಉತ್ಸಾಹ ಇರುವ ಮಗನೋ ಮೊಮ್ಮಗಳೋ ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದಾರೆ. ಕಾಡಂಚಿನ ಒಂಟಿಮನೆಯ ಅಟ್ಟದಲ್ಲಿ ನಾಲ್ಕೈದು ದಶಕ ಕಳೆದ ಕೋವಿ ಈಗ ನಾಲ್ಕನೇ ಮಹಡಿಗೆ ಲಿಫ್ಟ್ ಹತ್ತಬೇಕು.

ಬಾಡಿಗೆದಾರನಿಗೆ ಕೋವಿ ಇಟ್ಟುಕೊಳ್ಳುವ ಹಕ್ಕು ಇದೆಯೇ ಎಂದು ಕೇಳಿದರೆ ಉತ್ತರ ಸರಳ. ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಂ ಲೈಸೆನ್ಸ್ ನಿರಾಕರಿಸಲು ಕಾರಣಗಳನ್ನು ಹೇಳುತ್ತಲೇ, ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬುದೊಂದನ್ನೇ ನೆಪ ಮಾಡಬಾರದು ಎಂದೂ ಹೇಳಿದೆ. ಮನೆ ಮಾಲೀಕರ ಒಪ್ಪಿಗೆ ಪತ್ರವನ್ನು ಕಾಯ್ದೆ ಕೇಳುವುದಿಲ್ಲ, ಅಪಾರ್ಟ್‌ಮೆಂಟ್ ಸಂಘದ್ದಂತೂ ದೂರದ ಮಾತು. ತೊಡಕು ಇರುವುದು ಬೇರೆ ಕಡೆ. ಕೋವಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನಮ್ಮ ವ್ಯವಸ್ಥೆ ಜಾಲಾಡಿಸಿ ನೋಡುತ್ತದೆ; ಯಾವ ಗೋಡೆಯ ಹಿಂದೆ ಮಲಗುತ್ತದೆ ಎಂಬುದರ ಮೇಲೆ ಅಷ್ಟು ಗಮನ ಹರಿಸುವುದಿಲ್ಲ. ಒಂಟಿಮನೆಗಳ ಕಾಲಕ್ಕೆ ಅದು ನಡೆಯುತ್ತಿತ್ತು.

ಮೊದಲು ಹಸ್ತಾಂತರದ ವಿಚಾರ. ಲೈಸೆನ್ಸ್ ಇದ್ದವರು ತೀರಿಕೊಂಡ ಗಳಿಗೆಯಲ್ಲೇ ಆ ಕೋವಿ ಮನೆಯಲ್ಲಿರುವುದು ಕಾನೂನಿನ ನೆಲೆ ಕಳೆದುಕೊಳ್ಳುತ್ತದೆ. ಅನಗತ್ಯ ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು ಎನ್ನುತ್ತದೆ 21ನೇ ಕಲಂ. ನಮ್ಮಲ್ಲಿ ಆಗುವುದೇ ಬೇರೆ. ತಿಥಿ ಮುಗಿಯಲಿ, ವರ್ಷಾಂತಕ ಕಳೆಯಲಿ ಎಂದು ಕೋವಿ ಅಟ್ಟದಲ್ಲೇ ಇರುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ ಕನಿಷ್ಠ ಶಿಕ್ಷೆಯೇ ಎರಡು ವರ್ಷ, ಗರಿಷ್ಠ ಐದು. ಅಪ್ಪನ ನೆನಪಿನ ವಸ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಠೇವಣಿ ಇಟ್ಟು ಸುಮ್ಮನಾದರೂ ಆಗದು. ನಿಗದಿತ ಅವಧಿಯಲ್ಲಿ ಬಿಡಿಸಿಕೊಳ್ಳದ ಕೋವಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ಈ ಗೋಜಲನ್ನು ತಪ್ಪಿಸುವ ದಾರಿ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೇ ಇದೆ, ಬಳಸುವವರು ಕಡಿಮೆ. 25ನೇ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಅವರು 25 ವರ್ಷ ಆ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಬಹುದು. ಅಜ್ಜ ಕೂತು ಮಾತಾಡಿ, ಯಾರ ಮನೆಯಲ್ಲಿ ಕೋವಿ ಇರಲು ತಕ್ಕ ಜಾಗವಿದೆ ಎಂದು ನೋಡಿ ತೀರ್ಮಾನಿಸಬಹುದಾದದ್ದನ್ನು, ಅವರು ಹೋದ ಮೇಲೆ ಮಕ್ಕಳು ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಎಂದು ನಾಡಕಚೇರಿಗೂ ಠಾಣೆಗೂ ಅಲೆದು ಮಾಡುತ್ತಾರೆ. ಅಷ್ಟರಲ್ಲಿ ‘ಹಿರಿಮಗನಿಗೇ ಹೋಗಬೇಕು’ ಎಂಬ ಹಟ ಬೇರೆ ಹುಟ್ಟಿರುತ್ತದೆ. ಹಿರಿತನಕ್ಕೂ ಲೈಸೆನ್ಸಿಗೂ ಸಂಬಂಧವಿಲ್ಲ.

ನಗರಕ್ಕೆ ಬಂದಾಗ ಎರಡು ಕಾಲಮಾನಗಳ ಜಗಳ ಶುರು. ಲೈಸೆನ್ಸಿನ ಅವಧಿ ಈಗ ಐದು ವರ್ಷ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಊರಿನಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. ವಾಸ ಬದಲಾದರೆ ಹೊಸ ಜಾಗದ ಅಧಿಕಾರಿಗೆ ತಿಳಿಸುವುದು ಲೈಸೆನ್ಸುದಾರರ ಹೊಣೆ. ಬಾಡಿಗೆ ಹೆಚ್ಚಾಯಿತೆಂದು ಯಲಹಂಕದಿಂದ ಕೆಂಗೇರಿಗೆ ಮನೆ ಬದಲಿಸುವ ಕುಟುಂಬ ಗ್ಯಾಸ್ ಸಂಪರ್ಕ, ಶಾಲೆ, ಇಂಟರ್‌ನೆಟ್‌ಗಳ ಗಡಿಬಿಡಿಯಲ್ಲಿ ಇದನ್ನು ಮರೆಯುವುದು ಸಹಜ. ಮರೆತರೆ ಷರತ್ತಿನ ಉಲ್ಲಂಘನೆ. ಅಂದಹಾಗೆ, ಆ ದಿನ ಕೋವಿ ಪ್ಯಾಕರ್ಸ್‌ನವರ ಲಾರಿಯಲ್ಲಿ ಸೋಫಾದ ಜೊತೆ ಹೋಗುವಂತಿಲ್ಲ. ಲೈಸೆನ್ಸುದಾರರೇ, ಗುಂಡು ತುಂಬದೆ, ಹೊದಿಕೆಯೊಳಗಿಟ್ಟು ಕೊಂಡೊಯ್ಯಬೇಕು.

ಇಡುವ ಜಾಗದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಭದ್ರವಾಗಿಡುತ್ತೇನೆ ಎಂದು ಅರ್ಜಿದಾರ ಬರೆದುಕೊಡುತ್ತಾನೆ, ಸರಿ. ಭದ್ರ ಎಂದರೇನು? ಉಕ್ಕಿನ ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕು ಎಂಬುದು ತಿಳಿದವರ ಮಾತು. ಬಿಗಿಯದ ಪೆಟ್ಟಿಗೆಯನ್ನು ಇಬ್ಬರು ಹೊತ್ತು ಒಯ್ಯಬಹುದಲ್ಲ! ಆದರೆ ಕ್ಯಾಲೆಂಡರಿಗೆ ಮೊಳೆ ಹೊಡೆದರೂ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾಲೀಕರ ಗೋಡೆಗೆ ನಾಲ್ಕು ಬೋಲ್ಟ್ ಹಾಕುವುದು ಹೇಗೆ? ಕಾಯ್ದೆ ಕೇಳದ ಒಪ್ಪಿಗೆಯನ್ನು ಗೋಡೆ ಕೇಳುತ್ತದೆ. ಇನ್ನು ಮುಂಬಾಗಿಲಿನ ಇನ್ನೊಂದು ಕೀಲಿ ಮಾಲೀಕರ ಬಳಿ ಇರುತ್ತದೆ. ಮನೆಗೆಲಸದವರು, ನಲ್ಲಿ ರಿಪೇರಿಯವರು, ಬಾಡಿಗೆಗೆ ಮನೆ ತೋರಿಸಲು ಬರುವ ದಲ್ಲಾಳಿ, ರಜೆಯಲ್ಲಿ ಬರುವ ನೆಂಟರ ಮಕ್ಕಳು, ಹೀಗೆ ಓಡಾಡುವವರ ಪಟ್ಟಿ ಊರಿನ ಮನೆಗಿಂತ ಉದ್ದ. ಲೈಸೆನ್ಸ್ ಒಬ್ಬರ ಹೆಸರಲ್ಲಿದ್ದು ಬೀರುವಿನ ಕೀಲಿ ಇಡೀ ಮನೆಗೆ ಗೊತ್ತಿರುವ ಜಾಗದಲ್ಲಿದ್ದರೆ, ಆ ಕೋವಿ ನಿಜಕ್ಕೂ ಯಾರ ವಶದಲ್ಲಿದೆ ಎಂದು ನ್ಯಾಯಾಲಯ ಕೇಳಿದಾಗ ಉತ್ತರಿಸುವುದು ಕಷ್ಟ.

ಕೋವಿಯ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜೋಡಿನಳಿಗೆಯ ತೋಟಾ ಕೋವಿಯಾದರೆ ನಳಿಗೆಯನ್ನೂ ಹಿಡಿಯನ್ನೂ ಬಿಡಿಸಿ ಎರಡು ಕಡೆ ಬೀಗ ಹಾಕಿಡಬಹುದು, ತೋಟಾಗಳನ್ನು ಮೂರನೆಯ ಕಡೆ. ಹಳೆಯ ಕೇಪಿನ ಕೋವಿಯ ಜೊತೆ ಮದ್ದಿನಪುಡಿಯೂ ಬರುತ್ತದೆ. ಅಡುಗೆ ಗ್ಯಾಸ್ ಇರುವ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಎಲ್ಲಿಯೂ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರಿಟನ್ನಿನಲ್ಲಿ ಪೊಲೀಸರು ಮನೆಗೇ ಬಂದು ಪೆಟ್ಟಿಗೆ, ಬೀಗ, ಅದನ್ನು ಕೂರಿಸಿದ ಗೋಡೆ ಎಲ್ಲವನ್ನೂ ನೋಡಿ ಹೋಗುತ್ತಾರೆ. ನಮ್ಮ ಪೊಲೀಸ್ ವರದಿಯ ಭಾರವೆಲ್ಲ ಅರ್ಜಿದಾರನ ಮೇಲೆ ಕೇಸುಗಳಿವೆಯೇ, ನಡತೆ ಹೇಗೆ ಎಂಬುದರ ಮೇಲೆ. ಅದು ಬೇಕು. ಅದರ ಜೊತೆ ಪೆಟ್ಟಿಗೆಯ ಫೋಟೊ ಒಂದನ್ನಾದರೂ ಕಡ್ಡಾಯ ಮಾಡುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.

ಉದ್ದೇಶದ ಪ್ರಶ್ನೆಯನ್ನು ಎತ್ತಿದರೆ ಊರಿನವರಿಗೆ ಕೋಪ ಬರುತ್ತದೆ, ಆದರೂ ಎತ್ತಲೇಬೇಕು. ಮಲೆನಾಡು, ಕರಾವಳಿಯ ಹೆಚ್ಚಿನ ಕೋವಿಗಳು ಬೆಳೆ ರಕ್ಷಣೆಯ ಹೆಸರಿನಲ್ಲಿ ಬಂದವು. ಹಂದಿ, ಮಂಗಗಳ ಕಾಟ ಸುಳ್ಳಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ತೋಟ ಕಳೆದುಕೊಳ್ಳುವ ರೈತನ ದೂರಿನಲ್ಲಿ ನ್ಯಾಯವಿದೆ. ಆದರೆ ಅದೇ ಕೋವಿ ಬೆಂಗಳೂರಿಗೆ ಬಂದರೆ ಕಾಯುವ ಬೆಳೆ ಯಾವುದು, ಬಾಲ್ಕನಿಯ ತುಳಸಿಯೇ? ವಾರಸಿಕೆಯ ನಿಯಮ ರಕ್ತಸಂಬಂಧವನ್ನು ನೋಡುತ್ತದೆ, ಉಪಯೋಗ ಮುಗಿದಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಜಾಗ ಸಾಲದು. ತೋಟ ನೋಡಿಕೊಳ್ಳುವ ತಮ್ಮನ ಹೆಸರಿಗೆ ಕೋವಿ ಹೋಗಿ, ನಗರದ ಅಣ್ಣ ಹಬ್ಬಕ್ಕೆ ಬಂದಾಗ ನೋಡಿ ಹೋಗುವುದೇ ಬಹುಪಾಲು ಮನೆಗಳಿಗೆ ಸರಿಯಾದ ಏರ್ಪಾಡು. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ ಹಳೆಯ ಕೋವಿಯಾದರೆ 45ನೇ ಕಲಂ ಅದನ್ನು ಕಾಯ್ದೆಯ ಹೊರಗೇ ಇಟ್ಟಿದೆ. ನೆನಪಷ್ಟೇ ಬೇಕಾದವರಿಗೆ ಅಂಥದ್ದು ಸಾಕು.

ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಗೂ ಮಿತಿ ಇದೆ. ಮೂರರ ಮಿತಿಯನ್ನು ಒಂದಕ್ಕೆ ಇಳಿಸಲು 2019ರಲ್ಲಿ ಹೊರಟ ಕೇಂದ್ರ ಕೊನೆಗೆ ಎರಡಕ್ಕೆ ನಿಂತಿತು. ವಾರಸಿಕೆಯಿಂದ ಬಂದದ್ದಕ್ಕೂ ಅದೇ ಮಿತಿ. ಅಪ್ಪನ ಕೋವಿ, ಮಾವನ ರೈಫಲ್ ಈಗಾಗಲೇ ಇದ್ದವರಿಗೆ ಚಿಕ್ಕಪ್ಪನದು ಬೇಡ.

ಕೊಡಗಿನ ಕಥೆ ಬೇರೆ. ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಟ್ಟ ವಿನಾಯಿತಿ ಇಂದಿಗೂ ನಡೆದು ಬಂದಿದೆ; ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಬೇಕಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ತೋಕ್‌ಗೆ, ಅಂದರೆ ಕೋವಿಗೆ, ಹೂ ಮುಡಿಸಿ ಪೂಜಿಸುವವರಿಗೆ, ಹುಟ್ಟಿಗೂ ಸಾವಿಗೂ ಗುಂಡು ಹಾರಿಸುವವರಿಗೆ ಅದು ಆಯುಧವಷ್ಟೇ ಆಗಿರುವುದಿಲ್ಲ. ಈ ವಿನಾಯಿತಿ ಉಳಿಯಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಆದರೆ ಬೆಂಗಳೂರು, ಮೈಸೂರುಗಳ ಬಾಡಿಗೆ ಮನೆಗಳಲ್ಲಿ ಬದುಕುವ ಕೊಡವರು ಈಗ ಸಾವಿರಾರು. ಜಿಲ್ಲೆಯ ಹೊರಗೆ ವಾಸವಿರುವಾಗ ಒಂದು ರೈಫಲ್ಲಿಗೆ 100 ಗುಂಡು, ಒಂದು ಕೋವಿಗೆ 500 ತೋಟಾ ಎಂಬ ಮಿತಿ ವಿನಾಯಿತಿಯ ಜೊತೆಗೇ ಬಂದಿದೆ. ಎಷ್ಟು ಎಂಬುದನ್ನು ಎಣಿಸಿಟ್ಟಿರುವ ಆ ಷರತ್ತು ಎಲ್ಲಿ, ಹೇಗೆ ಎಂಬುದರ ಬಗ್ಗೆಯೂ ಮಾತಾಡಬೇಕು. ವಿನಾಯಿತಿ ಕೊಡುವ ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ. ಆಗ ಯಾರೋ ಮತ್ತೆ ನ್ಯಾಯಾಲಯಕ್ಕೆ ಹೋಗುವುದು ಖಂಡಿತ. ಅದಕ್ಕೆ ಮೊದಲೇ ಕೊಡವ ಸಮಾಜಗಳು ಒಟ್ಟಾಗಿ, ಜಿಲ್ಲೆಯ ಹೊರಗಿನ ಮನೆಗಳಲ್ಲಿ ಬೀಗದ ಪೆಟ್ಟಿಗೆ ಕಡ್ಡಾಯವಾಗಲಿ, ಅದಿಲ್ಲದವರು ಐನ್‌ಮನೆಯಲ್ಲೋ ಕೋವಿ ಅಂಗಡಿಯಲ್ಲೋ ಇಡಲಿ ಎಂದು ತಾವೇ ಗೃಹ ಇಲಾಖೆಗೆ ಬರೆದುಕೊಟ್ಟರೆ, ಎದುರು ಪಕ್ಷದ ವಕೀಲರಿಗೆ ಹೇಳಲು ಉಳಿಯುವುದು ಕಡಿಮೆ.