ಟ್ಯಾಂಕಿನ ತಳದ ನೀರು ಯಾರ ಕೆಲಸ?

ಲ್ಯಾಬಿನಲ್ಲಿ ಟೂ-ಸ್ಟೇಜ್ ಏರ್ ಕಂಪ್ರೆಸರ್ ಪ್ರಯೋಗ ಮಾಡಿದವರಿಗೆಲ್ಲ ಐಸೋಥರ್ಮಲ್ ಎಫಿಷಿಯೆನ್ಸಿ ಸೂತ್ರ ಬಾಯಿಪಾಠ. ವೈವಾದಲ್ಲಿ ಇಂಟರ್‌ಕೂಲರ್ ಯಾಕೆ ಅಂತ ಕೇಳ್ತಾರೆ, ನಾವೂ ಹೇಳ್ತೀವಿ. ಆದರೆ ಟ್ಯಾಂಕಿನ ಹೊಟ್ಟೆಯ ಕೆಳಗಿರುವ ಆ ಪುಟ್ಟ ಡ್ರೈನ್ ಕಾಕನ್ನು ಬಗ್ಗಿ ನೋಡಿದವರು ಎಷ್ಟು ಜನ? 'ಅದು ಅಟೆಂಡರ್ ಕೆಲಸ' ಅನ್ನೋ ಧೋರಣೆ ನಮ್ಮಲ್ಲಿದೆ. ಅದೇ ಧೋರಣೆ ಮನೆ ಶೆಡ್ಡಿಗೂ ಬರುತ್ತೆ. ಬೈಕಿಗೆ ಪೇಂಟ್ ಹೊಡೆಯೋಕೆ ಅಂತ 50 ಲೀಟರಿನ ಕಂಪ್ರೆಸರ್ ತಂದಿಟ್ಟುಕೊಂಡಿರೋರಿಗೆ ಅಲ್ಲಿ ಅಟೆಂಡರ್ ಯಾರೂ ಇಲ್ಲ.

ನೀರು ಎಲ್ಲಿಂದ ಬರುತ್ತೆ ಅನ್ನೋದು ಥರ್ಮೋದ ಸುಲಭ ಲೆಕ್ಕ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತೆ, ಒತ್ತಡ ಎಷ್ಟೇ ಇರಲಿ. ಮಳೆಗಾಲದ ಮಂಗಳೂರಿನಲ್ಲಿ ಆರ್ದ್ರತೆ ಶೇ. 80 ಅಂದುಕೊಳ್ಳಿ, ಅಂದರೆ 24 ಗ್ರಾಂ. ಗೇಜ್ 7 ಬಾರ್ ತೋರಿಸುವಾಗ 50 ಲೀಟರ್ ಟ್ಯಾಂಕಿನಲ್ಲಿ ಹೊರಗಿನ 400 ಲೀಟರ್ ಗಾಳಿ ಕೂತಿರುತ್ತೆ. ಅದು ತಂದ ನೀರಾವಿ 9.6 ಗ್ರಾಂ. ತಣ್ಣಗಾದ ಮೇಲೆ ಆವಿಯಾಗಿ ಉಳಿಯಬಲ್ಲದ್ದು ಒಂದೂವರೆ ಗ್ರಾಂ. ಮಿಕ್ಕ 8 ಎಂಎಲ್ ತಳಕ್ಕೆ. ಹತ್ತು ಸಲ ತುಂಬಿ ಖಾಲಿಯಾಗುವಷ್ಟು ಗಾಳಿ ಬಳಸಿದರೆ ಒಂದು ಸಣ್ಣ ಲೋಟ ಟೀಯಷ್ಟು ನೀರು! 'ನಮ್ಮ ಕಲಬುರಗಿ ಒಣ ಊರು' ಅನ್ನೋರು 40 ಡಿಗ್ರಿ, ಶೇ. 20 ಹಾಕಿ ನೋಡಿ. ಅಲ್ಲೂ ಪ್ರತಿ ಸಲ ಒಂದೂವರೆ ಎಂಎಲ್ ಬೀಳುತ್ತೆ.

ಪೇಂಟಿನಲ್ಲಿ ಗುಳ್ಳೆ ಏಳುತ್ತೆ ಅನ್ನೋದು ಸಣ್ಣ ತಲೆನೋವು. ದೊಡ್ಡದು ತುಕ್ಕು. ನೀರು ನಿಲ್ಲೋದು ಯಾವಾಗಲೂ ಒಂದೇ ಜಾಗದಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ. ತುಕ್ಕು ಸಮನಾಗಿ ತಿನ್ನೋದೂ ಇಲ್ಲ, ಗುಳಿ ಗುಳಿಯಾಗಿ ತಿನ್ನುತ್ತೆ. 300 ಎಂಎಂ ವ್ಯಾಸ, 3 ಎಂಎಂ ದಪ್ಪದ ಟ್ಯಾಂಕಿಗೆ 8 ಬಾರ್‌ನಲ್ಲಿ ಹೂಪ್ ಸ್ಟ್ರೆಸ್ 40 ಎಂಪಿಎ. ದಪ್ಪ 1 ಎಂಎಂಗೆ ಇಳಿದರೆ 120. ಆ 50 ಲೀಟರಿನಲ್ಲಿ ಅಡಗಿರುವ ಶಕ್ತಿ ಹತ್ತಿರ ಹತ್ತಿರ 50 ಕಿಲೋಜೂಲ್, ಒಂದು ಟನ್ನಿನ ಕಾರು ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಂದಷ್ಟು. ಅದನ್ನ ಕಾಲ ಬುಡದಲ್ಲೇ ಇಟ್ಟುಕೊಂಡು ಕೆಲಸ ಮಾಡ್ತೀವಿ.

ಇದರಲ್ಲಿ ಬಳಸುವವರ ಸೋಮಾರಿತನಕ್ಕಿಂತ ಡಿಸೈನಿನ ತಪ್ಪೇ ಹೆಚ್ಚು ಅನ್ನೋದು ನನ್ನ ವಾದ. ನೆಲಕ್ಕೆ ನಾಲ್ಕು ಬೆರಳು ಮೇಲೆ, ಮಲಗಿದರೆ ಮಾತ್ರ ಕೈಗೆ ಸಿಗುವ ಕಡೆ ಕಾಕ್ ಇಟ್ಟು, ಮ್ಯಾನ್ಯುಯಲ್‌ನಲ್ಲಿ 'ದಿನಾ ತೆಗೆಯಿರಿ' ಅಂತ ಬರೆದರೆ ಯಾರು ತೆಗೀತಾರೆ? ಒಂದು ಎಲ್ಬೋ, ಗಿಡ್ಡ ಪೈಪು, ಒಂದು ಬಾಲ್ ವಾಲ್ವ್ ಹಾಕಿ ಪಕ್ಕಕ್ಕೆ ತಂದರೆ ನಿಂತಲ್ಲೇ ತಿರುಗಿಸಬಹುದು. ಎಲ್ಲವೂ ಆ ಒತ್ತಡಕ್ಕೆ ತಡೆಯುವಂಥವೇ ಇರಬೇಕು, ಹಳೇ ಕಾಕ್ ಬಿಚ್ಚುವ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಅಷ್ಟೇ. ಮಿನಿ ಪ್ರಾಜೆಕ್ಟ್ ಅಂತ ಯಾವುದೋ ಹಳೇ ಐಡಿಯಾವನ್ನೇ ಮತ್ತೆ ಮತ್ತೆ ಮಾಡೋ ಬದಲು ನಮ್ಮ ವರ್ಕ್‌ಶಾಪಿನ ಟ್ಯಾಂಕಿಗೇ ಇದನ್ನ ಮಾಡಿಕೊಡಬಹುದಲ್ಲ? ಆಟೋ ಡ್ರೈನ್ ಸಿಗುತ್ತೆ ನಿಜ. ಅದೂ ಕೊಳೆ ಸೇರಿ ಕಟ್ಟಿಕೊಳ್ಳುತ್ತೆ, ಆಗ ನೋಡೋರೇ ಇರಲ್ಲ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪವೂ ರಾಜಿ ಆಗಲ್ಲ. ತಳದಲ್ಲಿ ಸೂಜಿ ಮೊನೆಯಷ್ಟು ತೂತು ಕಂಡರೂ ಆ ಟ್ಯಾಂಕ್ ಗುಜರಿಗೆ. 'ಒಂದು ಟಾಕಾ ವೆಲ್ಡಿಂಗ್ ಹೊಡೆಸೋಣ ಬಿಡು ಮಗಾ' ಅನ್ನೋರು ಸಿಗ್ತಾರೆ. ತೂತು ಬಿದ್ದಿದೆ ಅಂದರೆ ಅದರ ಸುತ್ತಲಿನ ತಗಡೂ ಕಾಗದವಾಗಿದೆ ಅಂತಲೇ ಅರ್ಥ.

ನೀರು ಬಿಡೋಕೆ ಒಳ್ಳೇ ಹೊತ್ತು ಕೆಲಸ ಮುಗಿದ ಮೇಲೆ. ಸ್ವಿಚ್ ಆಫ್ ಮಾಡಿ, ಒತ್ತಡ ಒಂದೆರಡು ಬಾರ್‌ಗೆ ಇಳಿಸಿ, ಮುಖ ದೂರ ಇಟ್ಟು ಮೆಲ್ಲಗೆ ತೆರೆಯಿರಿ. ಕೆಳಗೊಂದು ಡಬ್ಬಿ ಇಡಿ. ಎಣ್ಣೆ ಬೆರೆತ ನೀರು ಚರಂಡಿಗೆ ಹೋಗಬಾರದು. ಕಂದು ಬಣ್ಣ ಬಂದರೆ ಒಳಗೆ ತುಕ್ಕು ಶುರುವಾಗಿದೆ. ಹಾಲಿನಂತೆ ಬಂದರೆ ಎಣ್ಣೆ ಸೇರಿದೆ. ರಾತ್ರಿ ಕಾಕ್ ತೆರೆದೇ ಬಿಟ್ಟರೂ ನಷ್ಟವಿಲ್ಲ. ಬಹಳ ದಿನದಿಂದ ಮುಟ್ಟದ ಕಾಕ್ ತಿರುಗದಿದ್ದರೆ ಪ್ಲೈಯರ್ ಹಾಕಿ ಜಬರ್ದಸ್ತಿ ಮಾಡಬೇಡಿ, ಮೊದಲು ಗೇಜ್ ಸೊನ್ನೆಗೆ ಬರಲಿ.