ಮರಿಯನ್ನು ಯಾರ ಕೈಗೆ ಕೊಡಬೇಕು?

ಎತ್ತುಗಳನ್ನು ಜಾತ್ರೆಗೆ ಹೊಡೆದುಕೊಂಡು ಹೋಗುವ ನಮ್ಮ ರೈತನು ಬೆಲೆಯ ಮಾತಿಗೆ ಮುನ್ನ, ಕೊಳ್ಳಲು ಬಂದವನು ಬೇಸಾಯಗಾರನೋ ದಲ್ಲಾಳಿಯೋ ಎಂಬುದನ್ನು ವಿಚಾರಿಸಿಕೊಳ್ಳುವುದುಂಟು. ಯಾವ ಊರು, ಎಷ್ಟು ಹೊಲ, ಮೇವಿಗೆ ಏನು ಅನುಕೂಲ ಎಂದು ಒಂದೊಂದಾಗಿ ಕೇಳಿ, ಮನಸ್ಸಿಗೆ ಒಪ್ಪಿದ ಮೇಲೆಯೇ ಹಗ್ಗವನ್ನು ಕೈಗೆ ಕೊಡುತ್ತಾನೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಎತ್ತು ಮಾತ್ರವಲ್ಲ, ಕೊಳ್ಳುವವನೂ ಹೌದು. ನಮ್ಮ ಪಟ್ಟಣಗಳಲ್ಲಿ ನಡೆಯುವ ನಾಯಿಮರಿಗಳ ವ್ಯಾಪಾರದಲ್ಲಿ ಈ ಪದ್ಧತಿಯು ಬಹುಮಟ್ಟಿಗೆ ಕಾಣಬರುವುದಿಲ್ಲ. ಹಣವನ್ನು ಎಣಿಸಿದವನ ಕೈಗೆ ಮರಿ. ಅಲ್ಲಿಗೆ ವ್ಯವಹಾರ ಮುಗಿಯಿತು. ಹೀಗಾಗಬಾರದು; ಮರಿಗೆ ತಕ್ಕ ಮನೆಯನ್ನು ಹುಡುಕುವುದು ಮರಿ ಮಾಡಿಸಿದವನ ಹೊಣೆ, ಅದೂ ಮರಿ ಹುಟ್ಟುವುದಕ್ಕೆ ಮೊದಲೇ ಹೊರಬೇಕಾದ ಹೊಣೆ ಎಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ನಾಯಿಮರಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ವಿಷಯದಲ್ಲಿ ಕರುಣೆಯ ಮಾತು ಸಾಕಷ್ಟು ಕೇಳಿಬಂದಿದೆ. ಲೆಕ್ಕದ ಮಾತು ಕಡಮೆ. ಆದಕಾರಣ ಲೆಕ್ಕದಿಂದಲೇ ಪ್ರಾರಂಭಿಸೋಣ.

ಒಂದು ಹೆಣ್ಣುನಾಯಿ ಒಂದು ಸೂಲಿನಲ್ಲಿ ಆರು ಮರಿಗಳನ್ನು ಹಾಕಿತೆಂದು ಇಟ್ಟುಕೊಳ್ಳೋಣ. ಸಾಧಾರಣ ಗಾತ್ರದ ನಾಯಿಯ ಆಯುಸ್ಸು ಸುಮಾರು 12 ವರ್ಷ. ಆರನ್ನು ಹನ್ನೆರಡರಿಂದ ಗುಣಿಸಿದರೆ 72. ಎಂದರೆ, ಆ ಒಂದು ಸೂಲಿನಿಂದ ಲೋಕದ ಮೇಲೆ ಬೀಳುವ ಸಾಲವು 72 ವರ್ಷಗಳ ಅನ್ನ, ನೀರು, ನೆರಳು, ಔಷಧ ಮತ್ತು ಮನುಷ್ಯನ ಸಂಗ. ನಾಯಿ ಗರ್ಭ ಧರಿಸಿರುವ ಕಾಲ ಸುಮಾರು 63 ದಿನ. ಮರಿಗಳು ಮಾರಾಟಗಾರನ ಮನೆಯಲ್ಲಿರುವುದು ಹೆಚ್ಚೆಂದರೆ ಎರಡು ಮೂರು ತಿಂಗಳು. ಲಾಭವು ಕೆಲವು ತಿಂಗಳುಗಳಲ್ಲಿ ಕೈಸೇರುತ್ತದೆ, ಸಾಲವನ್ನು ಮಾತ್ರ ಬೇರೆ ಯಾರೋ ಹನ್ನೆರಡು ವರ್ಷ ತೀರಿಸುತ್ತಾರೆ. ತೀರಿಸಲಾರದೆ ಹೋದರೆ ಆ ನಾಯಿಯು ಬೀದಿಗೆ ಬೀಳುತ್ತದೆ.

ಇನ್ನು ಕಾಲದ ವಿಷಯ. ಮರಿಯು ಹುಟ್ಟುವಾಗ ಕುರುಡು ಮತ್ತು ಕಿವುಡು; ಸುಮಾರು ಎರಡು ವಾರಕ್ಕೆ ಕಣ್ಣು ಬಿಡುತ್ತದೆ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯು ಅದರ ಬಾಳಿನಲ್ಲಿ ಅತ್ಯಂತ ಮುಖ್ಯವಾದುದು. ಅಮೆರಿಕದ ಮೇಯ್ನ್ ಪ್ರಾಂತದ ಬಾರ್ ಹಾರ್ಬರಿನಲ್ಲಿರುವ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷಗಳ ಕಾಲ ಹಲವು ತಳಿಗಳ ಮರಿಗಳನ್ನು ಸಾಕಿ ಪರೀಕ್ಷಿಸಿ, ತಮ್ಮ ಗ್ರಂಥವನ್ನು 1965ರಲ್ಲಿ ಪ್ರಕಟಿಸಿದರು. ಅದೇ ಪ್ರಯೋಗಶಾಲೆಯಿಂದ 1961ರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬುವರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಎತ್ತರವಾದ ಬೇಲಿಯೊಳಗಿನ ಬಯಲಿನಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಲಾಯಿತು. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ, ಒಂದೇ ಒಂದು ವಾರ ಒಳಗೆ ತಂದು ಮುದ್ದಿಸಿ ಮತ್ತೆ ಬಯಲಿಗೆ ಬಿಟ್ಟರು. ಹದಿನಾಲ್ಕು ವಾರಗಳವರೆಗೆ ಯಾರೂ ಮುಟ್ಟದೆ ಉಳಿದ ಮರಿಗಳು ಆ ಬಳಿಕ ಕಾಡುಪ್ರಾಣಿಗಳಂತೆ ಮನುಷ್ಯರಿಂದ ದೂರ ಓಡಿದವು. ಐದರಿಂದ ಒಂಬತ್ತನೆಯ ವಾರದ ನಡುವೆ ಒಂದು ವಾರದ ಸಂಗವನ್ನು ಪಡೆದವು ಚೆನ್ನಾಗಿ ಪಳಗಿದವು. ಒಂದು ವಾರ! ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸರಿಯಾದ ಕಾಲದಲ್ಲಿ ಕೊಟ್ಟ ಅಲ್ಪವು ತಪ್ಪಿದ ಕಾಲದಲ್ಲಿ ಕೊಟ್ಟ ಬಹಳಕ್ಕಿಂತ ಹೆಚ್ಚಿನ ಫಲವನ್ನು ಕೊಟ್ಟಿತು.

ಹಾಗೆಂದು ಮರಿಯನ್ನು ಬೇಗನೆ ತಾಯಿಯಿಂದ ಅಗಲಿಸುವುದೂ ಸರಿಯಲ್ಲ. ಇಟಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30ರಿಂದ 40 ದಿನಗಳೊಳಗೆ ತಾಯಿ ಮತ್ತು ಒಡಹುಟ್ಟುಗಳಿಂದ ಬೇರೆಯಾದ 70 ನಾಯಿಗಳನ್ನೂ, ಎರಡು ತಿಂಗಳು ತುಂಬಿದ ಮೇಲೆ ಬೇರೆಯಾದ 70 ನಾಯಿಗಳನ್ನೂ ಹೋಲಿಸಿ ನೋಡಿದರು. ಮೊದಲನೆಯ ಗುಂಪಿನಲ್ಲಿ ಅಂಜಿಕೆ, ಅತಿಯಾದ ಬೊಗಳುವಿಕೆ, ವಸ್ತುಗಳನ್ನು ಹಾಳುಮಾಡುವಿಕೆ ಮೊದಲಾದ ದೋಷಗಳು ಹೆಚ್ಚಾಗಿ ಕಂಡುಬಂದವು. ಎಷ್ಟು ಜೋರಾಗಿ ಕಚ್ಚಿದರೆ ಆಟ, ಎಷ್ಟಕ್ಕೆ ಜಗಳ ಎಂಬ ಪಾಠವನ್ನು ಮರಿಗೆ ಕಲಿಸುವುದು ಅದರ ಒಡಹುಟ್ಟುಗಳೇ. ನಮ್ಮ ದೇಶದಲ್ಲಿಯೂ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ನಿವಾರಣಾ ಕಾಯಿದೆಯ ಅಡಿಯಲ್ಲಿ 2017ರಲ್ಲಿ ಹೊರಟ ನಿಯಮಗಳು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ವಿಧಿಸಿವೆ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಬೇಕೆಂಬುದೂ ಆ ನಿಯಮಗಳಲ್ಲಿ ಸೇರಿದೆ. ಆದರೂ ತಿಂಗಳು ತುಂಬಿದ ಮರಿಯನ್ನು ಬುಟ್ಟಿಯಲ್ಲಿಟ್ಟು ರಸ್ತೆಯ ಬದಿಯಲ್ಲಿ ಮಾರುವ ದೃಶ್ಯವು ಯಾರಿಗೂ ಹೊಸದಲ್ಲ.

ಈಗ ಎರಡು ಎಲ್ಲೆಗಳನ್ನೂ ಒಟ್ಟಿಗೆ ಇಟ್ಟು ನೋಡೋಣ. ಎಂಟು ವಾರಕ್ಕೆ ಮೊದಲು ಕೊಡಕೂಡದು. ಹನ್ನೆರಡನೆಯ ವಾರಕ್ಕೆ ಕಲಿಕೆಯ ಬಾಗಿಲು ಮುಚ್ಚತೊಡಗುತ್ತದೆ. ಉಳಿದುದು ಒಂದು ತಿಂಗಳು. ಆರು ಮರಿಗಳಿಗೆ ಆರು ಒಳ್ಳೆಯ ಮನೆಗಳನ್ನು ಈ ಒಂದು ತಿಂಗಳಿನಲ್ಲಿ ಹುಡುಕಹೊರಟವನು ಕೊನೆಯ ವಾರದಲ್ಲಿ ಯಾರು ಬಂದರೆ ಅವರಿಗೆ ಕೊಟ್ಟುಬಿಡುವುದು ಅನಿವಾರ್ಯ. ಮನೆಗಳ ಪಟ್ಟಿಯನ್ನು ಮೊದಲು ಮಾಡಿಕೊಂಡು, ಆಮೇಲೆ ಗಂಡು ಹೆಣ್ಣುಗಳನ್ನು ಕೂಡಿಸುವುದೊಂದೇ ಇದಕ್ಕೆ ಉಪಾಯ. ಹೊಣೆಯರಿತ ತಳಿಗಾರರು ಮಾಡುವುದೂ ಇದನ್ನೇ. ಅವರಲ್ಲಿಗೆ ಹೋದವರಿಗೆ ಆರು ತಿಂಗಳೋ ಒಂದು ವರ್ಷವೋ ಕಾಯಬೇಕೆಂಬ ಉತ್ತರ ದೊರೆಯಬಹುದು. ಈ ಕಾಯುವಿಕೆಯೂ ಒಂದು ಸೋಸುವಿಕೆಯೇ. ಹುಟ್ಟುಹಬ್ಬದ ಉಡುಗೊರೆಗೆಂದು ಬಂದವನು ಮರುದಿನವೇ ಬೇರೆ ಅಂಗಡಿಗೆ ಹೋಗುತ್ತಾನೆ.

ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುವ ಮೊದಲು ಅವರು ಏನೇನು ಕೇಳುತ್ತಾರೆ? ಇದಕ್ಕೆ ನಮ್ಮ ನಾಡಿನ ನಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳವು ಕವಿ ರನ್ನನ ಊರೆಂದು ನಮ್ಮ ವಿದ್ಯಾರ್ಥಿಗಳು ಬಲ್ಲರು. ಈಚೆಗೆ ಅದರ ನಾಯಿಯೂ ಕವಿಯಷ್ಟೇ ಪ್ರಸಿದ್ಧವಾಗಿದೆ. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿ ಒಂದು ಸಂಶೋಧನ ಕೇಂದ್ರವಿದೆ. 2016ರಲ್ಲಿ ಸೈನ್ಯವು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಕೀರ್ತಿಯು ಹಬ್ಬಿದಂತೆಲ್ಲ ಪಟ್ಟಣದ ಜನರಿಗೆ ಇದನ್ನು ಸಾಕುವ ಆಸೆಯೂ ಹಬ್ಬಿತು. ಆದರೆ ಮುಧೋಳದ ನಾಯಿಯು ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ಓಡಿ ಹಿಡಿಯುವ ಜಾತಿಯದು. ಗಂಡಿನ ಎತ್ತರ ಭುಜದವರೆಗೆ 70 ಸೆಂಟಿಮೀಟರಿನಷ್ಟು. ತೂಕ 25 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ದೂರದಲ್ಲಿ ಬೆಕ್ಕೊಂದು ಚಲಿಸಿದರೆ ಸಾಕು, ಸೆಕೆಂಡಿಗೆ ಹತ್ತು ಮೀಟರ್ ವೇಗವು ಅದಕ್ಕೆ ಲೀಲೆ. ಆಗ ಅದರ ಚಲನಶಕ್ತಿಯು 1250 ಜೂಲ್. 50 ಕಿಲೋಗ್ರಾಂ ತೂಕದ ಮನುಷ್ಯನು ಎರಡೂವರೆ ಮೀಟರ್ ಎತ್ತರದಿಂದ ಬಿದ್ದರೆ ಎಷ್ಟೋ ಅಷ್ಟು. ಈ ಶಕ್ತಿಯು ಹಗ್ಗದ ಇನ್ನೊಂದು ತುದಿಯಲ್ಲಿರುವ ಹನ್ನೆರಡು ವರ್ಷದ ಹುಡುಗನ ಮಣಿಕಟ್ಟಿನ ಮೇಲೆ ಬೀಳಬೇಕೆ? ಆದ್ದರಿಂದಲೇ ಬಲ್ಲವನು ಕೇಳುತ್ತಾನೆ: ಬೇಲಿ ಹಾಕಿದ ಬಯಲು ಹತ್ತಿರದಲ್ಲಿ ಇದೆಯೇ? ನಾಯಿಯನ್ನು ದಿನಕ್ಕೆರಡು ಸಲ ಹೊರಗೆ ಕರೆದೊಯ್ಯುವವರು ಯಾರು? ಮನೆಯಲ್ಲಿ ಕೋಳಿ, ಕುರಿ, ಬೆಕ್ಕು ಇವೆಯೇ? ಮನೆ ಸ್ವಂತದ್ದೋ ಬಾಡಿಗೆಯದೋ? ಬಾಡಿಗೆಯದಾದರೆ ಮಾಲೀಕನ ಒಪ್ಪಿಗೆ ಇದೆಯೇ?

ಕೊನೆಯ ಪ್ರಶ್ನೆಯು ಕ್ಷುಲ್ಲಕವೆಂದು ತೋರಬಹುದು. ಆದರೆ ಅಮೆರಿಕದ 12 ಪ್ರಾಣಿಶಾಲೆಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿಯನ್ನು ಬಿಟ್ಟುಹೋಗಲು ಜನರು ಕೊಟ್ಟ ಮುಖ್ಯ ಕಾರಣಗಳ ಪೈಕಿ ಮನೆ ಬದಲಾವಣೆಯೂ ಮನೆಯ ಮಾಲೀಕನ ನಿಷೇಧವೂ ಮುಂದಿನ ಸಾಲಿನಲ್ಲಿದ್ದವು. ನಾಯಿಯು ಕಚ್ಚಿತೆಂಬ ಕಾರಣಕ್ಕಿಂತ ಮನೆಯನ್ನು ಬಿಡಬೇಕಾಯಿತೆಂಬ ಕಾರಣವು ನಮ್ಮ ಬೆಂಗಳೂರಿನ ಬಾಡಿಗೆದಾರರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು.

ಹವೆಯ ಮಾತನ್ನೂ ಆಡಬೇಕು. ಹಿಮದ ನಾಡಿನ ಹಸ್ಕಿ ನಾಯಿಯನ್ನು ಕಲಬುರಗಿಯ ಬಿಸಿಲಿಗೆ ತರುವವರಿದ್ದಾರೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆಯನ್ನು ಚಾಚಿ ಏದುಸಿರು ಬಿಡುತ್ತ, ಬಾಯಿ ಮತ್ತು ಉಸಿರುದಾರಿಯ ತೇವವನ್ನು ಆವಿಮಾಡಿ ಅದು ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2400 ಜೂಲ್ ಶಾಖವು ಹೊರಟುಹೋಗುತ್ತದೆಂಬುದು ನಿಮ್ಮ ಪಠ್ಯಪುಸ್ತಕದ ಪಾಠವೇ. ಮೂಗು ಚಪ್ಪಟೆಯಾದ ಪಗ್ ಮೊದಲಾದ ತಳಿಗಳಲ್ಲಿ ಈ ಉಸಿರುದಾರಿಯೇ ಇಕ್ಕಟ್ಟು. ಆದರೂ 2003ರಲ್ಲಿ ದೂರವಾಣಿ ಸಂಸ್ಥೆಯೊಂದರ ಜಾಹೀರಾತಿನಲ್ಲಿ ಪಗ್ ನಾಯಿಯೊಂದು ಹುಡುಗನ ಹಿಂದೆ ಹಿಂದೆ ನಡೆದುದೇ ತಡ, ದೇಶಕ್ಕೆ ದೇಶವೇ ಪಗ್ ಮರಿಗಾಗಿ ಹಾತೊರೆಯಿತು. ಇದು ನಮ್ಮವರ ವಿಶೇಷ ದೌರ್ಬಲ್ಯವೇನೂ ಅಲ್ಲ. ಡಾಲ್ಮೇಷಿಯನ್ ನಾಯಿಗಳ ಚಲನಚಿತ್ರವು 1985ರಲ್ಲಿ ಮತ್ತೆ ತೆರೆಕಂಡ ಬಳಿಕ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 8000ದಷ್ಟಿದ್ದ ಆ ತಳಿಯ ನೋಂದಣಿಯು 1993ರ ವೇಳೆಗೆ 40,000ವನ್ನು ಮೀರಿ, ಆಮೇಲೆ ಅಷ್ಟೇ ವೇಗದಿಂದ ಕುಸಿಯಿತು. ಬೇಡಿಕೆಯು ಕುಸಿಯಿತೆಂದು ಹುಟ್ಟಿದ ನಾಯಿಗಳು ಮಾಯವಾಗುವುದಿಲ್ಲವಷ್ಟೆ.

ಯಾವ ಮರಿ ಯಾವ ಮನೆಗೆ ಎಂಬುದನ್ನೂ ಒಳ್ಳೆಯ ತಳಿಗಾರನೇ ಬಹುಮಟ್ಟಿಗೆ ನಿರ್ಧರಿಸುತ್ತಾನೆ. ಮರಿಯು ಏಳು ವಾರದ್ದಾದಾಗ ಅರ್ಧ ಗಂಟೆಯ ಪರೀಕ್ಷೆಯನ್ನು ನಡೆಸಿ ಮುಂದಿನ ಸ್ವಭಾವವನ್ನು ಹೇಳಬಹುದೆಂದು ಕೆಲವರು ನಂಬಿದ್ದಾರೆ. ಇದರಲ್ಲಿ ನಮಗೆ ಹೆಚ್ಚಿನ ವಿಶ್ವಾಸವಿಲ್ಲ. ವಿಯೆನ್ನಾದ ಸಂಶೋಧಕರು ಬಾರ್ಡರ್ ಕಾಲಿ ಜಾತಿಯ ನಾಯಿಗಳನ್ನು ಎಳೆಗೂಸುಗಳಾಗಿದ್ದಾಗ, ಆರೇಳು ವಾರಗಳಲ್ಲಿ, ಮತ್ತೆ ಬೆಳೆದ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹೊಸದನ್ನು ಹುಡುಕಿ ಮೂಸುವ ಚಪಲವೊಂದನ್ನು ಬಿಟ್ಟರೆ, ಮರಿತನದ ಅಂಕಗಳಿಗೂ ಬೆಳೆದ ನಾಯಿಯ ನಡತೆಗೂ ಸಂಬಂಧವು ಕಾಣಲಿಲ್ಲ. ಒಂದೇ ಒಂದು ಅಳತೆಯನ್ನು ಯಾವ ಪ್ರಯೋಗಶಾಲೆಯೂ ನೆಚ್ಚುವುದಿಲ್ಲ. ಎಂಟು ವಾರ ಪ್ರತಿದಿನವೂ ಮರಿಗಳ ನಡುವೆ ಕುಳಿತವನ ತಿಳುವಳಿಕೆ ಅದಕ್ಕಿಂತ ಮೇಲು. ತಾಯಿ ತಂದೆಗಳ ಸ್ವಭಾವವನ್ನು ಬಲ್ಲವನದು ಇನ್ನೂ ಮೇಲು.

ಇಷ್ಟೆಲ್ಲ ವಿಚಾರಿಸಿದರೂ ತಪ್ಪಿಹೋಗುವ ಸಂದರ್ಭಗಳಿರುತ್ತವೆ. ಕೊಂಡವನಿಗೆ ವರ್ಗವಾಗಬಹುದು, ಮನೆಯಲ್ಲಿ ಕಾಯಿಲೆ ಬರಬಹುದು. ಆದುದರಿಂದ, ಯಾವ ವಯಸ್ಸಿನಲ್ಲಾದರೂ ಯಾವ ಕಾರಣಕ್ಕಾದರೂ ನಾಯಿಯನ್ನು ಇಟ್ಟುಕೊಳ್ಳಲಾಗದಿದ್ದರೆ ತನಗೇ ಮರಳಿಸಬೇಕೆಂದು ಹೊಣೆಗಾರನಾದ ತಳಿಗಾರನು ಬರೆಸಿಕೊಳ್ಳುತ್ತಾನೆ. ನಮ್ಮ ದೃಷ್ಟಿಯಲ್ಲಿ ಒಳ್ಳೆಯವನನ್ನು ವ್ಯಾಪಾರಿಯಿಂದ ಬೇರ್ಪಡಿಸುವ ನಿಜವಾದ ಒರೆಗಲ್ಲು ಈ ಕರಾರೇ. ಏಕೆಂದು ಲೆಕ್ಕ ಹಾಕಿ ನೋಡಿರಿ. ವರ್ಷಕ್ಕೆ ಎರಡು ಸೂಲುಗಳನ್ನು ಮಾಡಿಸುವವನು 12 ಮರಿಗಳನ್ನು ಕೊಡುತ್ತಾನೆ. ಹನ್ನೆರಡು ವರ್ಷಗಳಾದ ಮೇಲೆ ಅವನು ಮಾತು ಕೊಟ್ಟಿರುವ ನಾಯಿಗಳು 144. ಹತ್ತರಲ್ಲಿ ಒಂದು ಮರಳಿತೆಂದರೂ ವರ್ಷಕ್ಕೆ ಒಂದಕ್ಕಿಂತ ತುಸು ಹೆಚ್ಚು. ಇದನ್ನು ಒಬ್ಬ ಮನುಷ್ಯನು ನಿಭಾಯಿಸಬಲ್ಲ. ವರ್ಷಕ್ಕೆ ನೂರು ಸೂಲು ಮಾಡಿಸುವವನ ಲೆಕ್ಕದಲ್ಲಿ 7200 ನಾಯಿಗಳಿದ್ದು, ವರ್ಷಕ್ಕೆ 60 ಮರಳಿ ಬರುತ್ತವೆ. ಅವನು ಈ ಕರಾರಿಗೆ ಎಂದಿಗೂ ಸಹಿ ಹಾಕಲಾರ. ಹೀಗೆ, ಮರಳಿ ಪಡೆಯುವೆನೆಂಬ ಒಂದೇ ಮಾತು ಮರಿಗಳ ಸಂಖ್ಯೆಯನ್ನು ತಾನಾಗಿಯೇ ಮಿತಿಯಲ್ಲಿಡುತ್ತದೆ.

ಬೀದಿಯಲ್ಲಿ ಇಷ್ಟೊಂದು ಅನಾಥ ಮರಿಗಳಿರುವಾಗ ಬೇಕೆಂದೇ ಮರಿ ಮಾಡಿಸುವುದೇಕೆ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಾಯಿಯ ಸ್ನೇಹವಷ್ಟೇ ಬೇಕಾದವರಿಗೆ ಬೀದಿಯ ಮರಿಯೇ ಯೋಗ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ಹವೆಗೆ ಅದರಂತೆ ಹೊಂದಿಕೊಂಡದ್ದು ಬೇರೊಂದಿಲ್ಲ. ಆದರೆ ಯಾರೂ ಮರಿ ಮಾಡಿಸದಿದ್ದರೆ ಮುಧೋಳದಂತಹ ತಳಿಗಳು ಅಂಚೆಚೀಟಿಯಲ್ಲಿ ಮಾತ್ರ ಉಳಿದಾವು. ಇಷ್ಟು ಪ್ರಶ್ನೆಗಳನ್ನು ಕೇಳಿದರೆ ನಾಯಿಯು ಸಿರಿವಂತರ ಸೊತ್ತಾಗುವುದಿಲ್ಲವೇ ಎಂಬ ಇನ್ನೊಂದು ಆಕ್ಷೇಪವು ಮಾತ್ರ ಸಲ್ಲದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ನಾಯಿಯನ್ನು ಉಳಿಸಿಕೊಂಡು ಬಂದವರಲ್ಲಿ ಸಾಮಾನ್ಯ ರೈತರೂ ಕುರಿಗಾರರೂ ಇದ್ದಾರೆ. ಮೇಲಿನ ಪ್ರಶ್ನೆಗಳಲ್ಲಿ ಯಾವುದೂ ಸಂಬಳವೆಷ್ಟೆಂದು ಕೇಳುವುದಿಲ್ಲ; ಸಮಯವೆಷ್ಟು, ಸ್ಥಳವೆಷ್ಟು ಎಂದು ಕೇಳುತ್ತದೆ. ದಿನವಿಡೀ ಬೀಗ ಹಾಕಿರುವ ಬಂಗಲೆಗಿಂತ ಹೊಲದಂಚಿನ ಗುಡಿಸಲು ಈ ಪರೀಕ್ಷೆಯಲ್ಲಿ ಮೇಲಾಗಿ ನಿಂತೀತು.

ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ, ಆರು ತಿಂಗಳೊಳಗಿನ ಮರಿಗಳನ್ನು ವ್ಯಾಪಾರಕ್ಕಾಗಿ ಸಾಕಿದವನಲ್ಲದ ಮೂರನೆಯವನು ಮಾರುವುದು ನಿಷಿದ್ಧವಾಗಿದೆ. ಮರಿಗಳ ಕಾರ್ಖಾನೆಯೊಂದರಿಂದ 2013ರಲ್ಲಿ ಬಿಡುಗಡೆ ಹೊಂದಿದ ಲೂಸಿ ಎಂಬ ಹೆಣ್ಣುನಾಯಿಯ ಹೆಸರಿನಿಂದಲೇ ಆ ಶಾಸನವನ್ನು ಜನರು ಕರೆಯುತ್ತಾರೆ. ನಮ್ಮಲ್ಲಿಯೂ ನಡುವಣ ದಲ್ಲಾಳಿಯನ್ನು ಹೀಗೆಯೇ ದೂರಮಾಡಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಮರಿಯನ್ನು ತರುವ ಮಾತು ಬಂದಾಗ ವಿದ್ಯಾರ್ಥಿಗಳು ಹಿರಿಯರೊಡನೆ ತಾವೂ ಹೋಗಲಿ; ಮರಿಯನ್ನು ತಾಯಿಯ ಬಳಿಯೇ ನೋಡಬೇಕೆಂದು ಕೇಳಲಿ; ಲಸಿಕೆಯ ಚೀಟಿಯನ್ನೂ ಹುಟ್ಟಿದ ದಿನಾಂಕವನ್ನೂ ನೋಡಿ ವಾರಗಳನ್ನು ಎಣಿಸಲಿ. ತಾಯಿ ಬೇರೆ ಊರಿನಲ್ಲಿದೆಯೆಂಬ ಉತ್ತರ ಬಂದರೆ ಮರಿಯನ್ನು ಎತ್ತಿಕೊಳ್ಳದೆಯೇ ಹಿಂದಿರುಗುವುದು ಲೇಸು. ಎತ್ತಿಕೊಂಡ ಮೇಲೆ ಹಿಂದಿರುಗುವುದು ಕಷ್ಟ.