ವಿಮಾನ ಹಾರುವುದು ಒಂದು ಸಹಿಯ ಮೇಲೆ!

ಮಳೆಗಾಲದಲ್ಲಿ ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೊರಟ ಟ್ಯಾಕ್ಸಿಯ ವೈಪರ್ ಕೆಟ್ಟರೆ ಡ್ರೈವರ್ ಏನು ಮಾಡುತ್ತಾನೆ? ಗಾಡಿ ಪಕ್ಕಕ್ಕೆ ಹಾಕಿ ಮಳೆ ನಿಲ್ಲುವ ತನಕ ಕಾಯುತ್ತಾನೆ. ಆಕಾಶದಲ್ಲಿ ಪಕ್ಕಕ್ಕೆ ಹಾಕಲು ಜಾಗವಿಲ್ಲ ಸ್ವಾಮಿ. 2020ರ ಆಗಸ್ಟ್ 7ರ ರಾತ್ರಿ ದುಬೈನಿಂದ ಕೋಯಿಕ್ಕೋಡಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಧೋ ಎಂದು ಸುರಿಯುವ ಮಳೆಯಲ್ಲಿ ಇಳಿಯಲು ನೋಡಿತು. ಕ್ಯಾಪ್ಟನ್ ಕೂತ ಕಡೆಯ ವೈಪರ್ ಮೊದಲ ಪ್ರಯತ್ನದಲ್ಲೇ ಕೈಕೊಟ್ಟಿತು. ಎರಡನೇ ಸಲ ರನ್‌ವೇಯ ತುಂಬಾ ಮುಂದೆ ಹೋಗಿ ನೆಲ ಮುಟ್ಟಿದ ವಿಮಾನ, ಗುಡ್ಡದ ಅಂಚು ದಾಟಿ ಕೆಳಗೆ ಬಿದ್ದು ಮೂರು ತುಂಡಾಯಿತು. 190 ಜನರಲ್ಲಿ 21 ಜನ ಸತ್ತರು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ.

ತನಿಖಾ ವರದಿ ಮುಖ್ಯ ತಪ್ಪನ್ನು ಪೈಲಟ್ ಮೇಲೆ ಹಾಕಿತು. ಅದು ಸರಿಯೂ ಇರಬಹುದು. ಆದರೆ ಅದೇ ವರದಿ ಕೆಟ್ಟ ವೈಪರನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ತರಬೇತಿ, ಹಾರಾಟ, ದುರಸ್ತಿ ಈ ಮೂರರಲ್ಲೂ ಕಂಪನಿಯ ಮೇಲಿನವರ ಉಸ್ತುವಾರಿ ಸಡಿಲವಾಗಿತ್ತು ಎಂದೂ ಬರೆಯಿತು. ಸತ್ತವರ ಮೇಲೆ ತಪ್ಪು ಹಾಕುವುದು ಸುಲಭ, ಅವರು ಎದ್ದು ಬಂದು ವಾದ ಮಾಡುವುದಿಲ್ಲ.

ಇದಕ್ಕೆ ಹತ್ತು ವರ್ಷ ಮೊದಲು, 2010ರ ಮೇ 22ರ ಬೆಳಿಗ್ಗೆ, ಇದೇ ಕಂಪನಿಯ ಇದೇ ಜಾತಿಯ ಬೋಯಿಂಗ್ 737 ವಿಮಾನ ಮಂಗಳೂರಿನಲ್ಲಿ ಗುಡ್ಡದ ಮೇಲಿನ ಇಂಥದೇ ರನ್‌ವೇಯಿಂದ ಕಮರಿಗೆ ಬಿತ್ತು. 158 ಜನ ಸತ್ತರು, ಎಂಟೇ ಜನ ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು, ದುಬೈನಲ್ಲಿ ಬೆವರು ಹರಿಸಿ ಊರಿಗೆ ಬರುತ್ತಿದ್ದ ಜನ. ಅಲ್ಲಿಯೂ ಪೈಲಟ್ ತಪ್ಪು ಎಂದರು. ಕ್ಯಾಪ್ಟನ್ ಹಾರಾಟದಲ್ಲಿ ಒಂದು ಗಂಟೆ 40 ನಿಮಿಷ ನಿದ್ದೆ ಹೊಡೆದಿದ್ದ, ಪಕ್ಕದ ಪೈಲಟ್ ಇಳಿಸಬೇಡ, ಮತ್ತೆ ಮೇಲೆತ್ತು ಎಂದು ಮೂರು ಸಲ ಹೇಳಿದರೂ ಕೇಳಲಿಲ್ಲ. ನಿಜ. ಆದರೆ ಮಂಗಳೂರು ನಿಲ್ದಾಣದ ರಾಡಾರ್ ಮೇ 20ರಿಂದಲೇ ಕೆಟ್ಟು ಕೂತಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ರಾಡಾರ್ ಇಲ್ಲದ್ದರಿಂದ ವಿಮಾನವನ್ನು ಕೆಳಗಿಳಿಸಲು ಅನುಮತಿ ತಡವಾಗಿ ಸಿಕ್ಕಿತು, ಅದು ಇರಬೇಕಾದ ಎತ್ತರಕ್ಕಿಂತ ಮೇಲೆಯೇ ಉಳಿಯಿತು. 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ರನ್‌ವೇ ಕೊನೆಯಲ್ಲಿ ಆಂಟೆನಾ ನಿಲ್ಲಿಸಲು ಗಟ್ಟಿ ಕಾಂಕ್ರೀಟ್ ಕಟ್ಟೆ ಕಟ್ಟಿದ್ದರು. ತಾಗಿದರೆ ಮುರಿದು ಬೀಳುವಂಥದ್ದು ಇರಬೇಕಾದ ಜಾಗ ಅದು. ವಿಮಾನದ ರೆಕ್ಕೆ ಅದಕ್ಕೇ ಬಡಿಯಿತು. ನಿದ್ದೆ ಹೊಡೆದವನು ಒಬ್ಬ ಪೈಲಟ್ ಮಾತ್ರವೇ?

ಗೆಳೆಯರೇ, ಕನ್ನಡದ ಪತ್ರಿಕೆಯಲ್ಲಿ ವಿಮಾನದ ಗೋಳು ಯಾಕೆ ಎಂದು ಕೇಳಬೇಡಿ. ವಿಮಾನ ಸಾಹುಕಾರರ ಸವಾರಿ ಆಗಿದ್ದ ಕಾಲ ಹೋಯಿತು. ಚನ್ನಗಿರಿಯ ಅಡಿಕೆ ಬೆಳೆಗಾರನ ಮಗ ಎಂಜಿನಿಯರಿಂಗ್ ಓದಿ ಪುಣೆಗೋ ದೆಹಲಿಗೋ ಹೋಗಿದ್ದಾನೆ. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಗಲ್ಫಿಗೆ ಹೊರಟವರಿದ್ದಾರೆ. ನ್ಯಾಮತಿಯ ಹುಡುಗಿ ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಕಂಪನಿ ತಿಂಗಳಿಗೆ ಎರಡು ಸಲ ವಿಮಾನ ಹತ್ತಿಸುತ್ತದೆ. ಬಸ್ಸಿನ ಟೈರ್ ಸವೆದಿದ್ದರೆ ನಾವು ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ವಿಮಾನದಲ್ಲಿ ಬೆಲ್ಟ್ ಬಿಗಿದು ಬಾಯಿ ಮುಚ್ಚಿ ಕೂರುತ್ತೇವೆ. ಯಾರನ್ನು ಕೇಳಬೇಕು ಎಂದೇ ನಮಗೆ ಗೊತ್ತಿಲ್ಲ.

ಕೇಳಬೇಕಾದ್ದು ಕಾಗದವನ್ನು. ನಾನು ಪ್ರೆಸ್ ಇಟ್ಟವನು, ಕಾಗದದ ವಿಷಯ ನನಗೆ ಸ್ವಲ್ಪ ಗೊತ್ತು. ಬಿಲ್ ಬುಕ್, ರಸೀದಿ ಪುಸ್ತಕ, ಸ್ಟಾಕ್ ರಿಜಿಸ್ಟರ್, ಟ್ರಿಪ್ ಶೀಟ್ ಎಲ್ಲ ಅಚ್ಚು ಹಾಕುತ್ತೇನೆ. ಕೆಲವು ವರ್ಷಗಳ ಕೆಳಗೆ ವಾಹನ ಓಡಿಸುವ ಒಬ್ಬ ಗಿರಾಕಿ ಬಂದು, ಎರಡು ವರ್ಷ ಹಿಂದಿನ ಸೀರಿಯಲ್ ನಂಬರ್ ಹಾಕಿ ದುರಸ್ತಿ ರಿಜಿಸ್ಟರ್ ಮಾಡಿಕೊಡು, ಒಂದೇ ರಾತ್ರಿಯಲ್ಲಿ ತುಂಬಿಸಿಬಿಡುತ್ತೇವೆ ಎಂದ. ನಾಲ್ಕು ಬಣ್ಣದ ಪೆನ್ನು ಕೂಡ ಇಟ್ಟುಕೊಂಡಿದ್ದ, ಬೇರೆ ಬೇರೆ ದಿನ ಬರೆದಂತೆ ಕಾಣಲಿ ಎಂದು! ಕೈಮುಗಿದು ಕಳಿಸಿದೆ. ಬೇರೆ ಪ್ರೆಸ್ಸಿನಲ್ಲಿ ಮಾಡಿಸಿಕೊಂಡನೋ ಏನೋ.

ವಿಮಾನವೂ ಇಂಥ ರಿಜಿಸ್ಟರ್ ಮೇಲೆಯೇ ಹಾರುವುದು. ದುರಸ್ತಿ, ತಪಾಸಣೆ ಮುಗಿದ ಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬ ‘ಇದು ಹಾರಲು ಯೋಗ್ಯ’ ಎಂದು ಸಹಿ ಹಾಕಬೇಕು. ಆ ಸಹಿ ಇಲ್ಲದೆ ಎಷ್ಟು ದೊಡ್ಡ ಕ್ಯಾಪ್ಟನ್ ಆದರೂ ಎಂಜಿನ್ ಚಾಲೂ ಮಾಡುವಂತಿಲ್ಲ. ಪೈಲಟ್ ಕಂಡ ದೋಷವನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಎಂಜಿನಿಯರ್ ಅದನ್ನು ಸರಿಪಡಿಸಿ ಅದರ ಕೆಳಗೇ ಬರೆಯಬೇಕು. ಈ ಎರಡು ಬರಹ ನೆಟ್ಟಗಿದ್ದರೆ ಪ್ರಯಾಣಿಕನ ಜೀವ ನೆಟ್ಟಗೆ. ಈಗ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ನಾಲ್ಕು ಬಣ್ಣದ ಪೆನ್ನಿನ ಖರ್ಚೂ ಉಳಿಯಿತು!

ತಮಾಷೆಗೆ ಹೇಳಿದ್ದಲ್ಲ. ಏರ್‌ಬಸ್ ಎ320 ವಿಮಾನದ ಎಂಜಿನ್ನಿನ ಕೆಲವು ಬಿಡಿಭಾಗ ಬದಲಿಸಿ ಎಂದು ಯೂರೋಪಿನ ಸುರಕ್ಷತಾ ಸಂಸ್ಥೆ 2023ರಲ್ಲಿ ಆದೇಶಿಸಿತ್ತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ತನ್ನ ಒಂದು ವಿಮಾನದಲ್ಲಿ ಅದನ್ನು ಗಡುವಿನೊಳಗೆ ಮಾಡಲಿಲ್ಲ, ಮಾಡಿದಂತೆ ಕಾಣಲು ಕಂಪ್ಯೂಟರಿನ ದಾಖಲೆಯನ್ನೂ ತಿದ್ದಲಾಗಿದೆ ಎಂದು ನಮ್ಮ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, 2025ರ ಮಾರ್ಚ್‌ನಲ್ಲಿ ಕಂಪನಿಗೆ ಛೀಮಾರಿ ಹಾಕಿತು. ಕಂಪನಿ ತಪ್ಪು ಒಪ್ಪಿಕೊಂಡಿತು, ಒಬ್ಬ ಮ್ಯಾನೇಜರನ್ನು ಹುದ್ದೆಯಿಂದ ತೆಗೆದು, ಇನ್ನೊಬ್ಬನನ್ನು ಅಮಾನತು ಮಾಡಿತು. ಇದು ನಮಗೆ ಗೊತ್ತಾದದ್ದು ಹೇಗೆ? ಡಿಜಿಸಿಎ ಹೇಳಿದ್ದರಿಂದಲ್ಲ. ಜುಲೈನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಆ ಗುಟ್ಟಿನ ಪತ್ರವನ್ನು ಹೊರಗೆ ಹಾಕಿದ್ದರಿಂದ. ಅಷ್ಟರೊಳಗೆ ಅಹಮದಾಬಾದಿನಲ್ಲಿ ಜೂನ್ 12ರಂದು ಏರ್ ಇಂಡಿಯಾ ವಿಮಾನ ಬಿದ್ದು 260 ಜನ ಸತ್ತಿದ್ದರು. ಆ ದುರಂತಕ್ಕೂ ಈ ತಿದ್ದುಪಡಿಗೂ ಸಂಬಂಧವಿಲ್ಲ. ಆದರೆ ಆ ದುರಂತ ಆಗದಿದ್ದರೆ ಯಾರಾದರೂ ಈ ಕಡತ ಕೆದಕುತ್ತಿದ್ದರೇ? ಅದೇ ತಿಂಗಳು ಇನ್ನೊಂದೂ ಹೊರಬಂತು. ತುರ್ತು ಹೊತ್ತಿನಲ್ಲಿ ಜನ ಜಾರಿ ಇಳಿಯುವ ಸ್ಲೈಡ್‌ಗಳ ತಪಾಸಣೆಯ ಗಡುವು ಮೀರಿದ ಮೂರು ವಿಮಾನಗಳನ್ನು ಏರ್ ಇಂಡಿಯಾ ಹಾರಿಸಿತ್ತು. ಒಂದರದ್ದು ಮೂರು ತಿಂಗಳಿಗೂ ಹೆಚ್ಚು ತಡ. ನವೆಂಬರ್‌ನಲ್ಲಿ ಮತ್ತೆ ಅದೇ ಏರ್ ಇಂಡಿಯಾದ ವಿಮಾನವೊಂದು, ಹಾರಾಟ ಯೋಗ್ಯತೆಯ ಸರ್ಟಿಫಿಕೇಟ್ ಅವಧಿ ಮುಗಿದಿದ್ದರೂ ಎಂಟು ಸಲ ಜನರನ್ನು ಹೊತ್ತು ಹಾರಿತು. ನಮ್ಮ ಹುಡುಗ ಬೈಕಿನ ಇನ್ಶೂರೆನ್ಸ್ ಮರೆತರೆ ಪೊಲೀಸರು ಸರ್ಕಲ್ಲಿನಲ್ಲೇ ಕೀ ಕಿತ್ತುಕೊಳ್ಳುತ್ತಾರೆ.

ಕಾನೂನಿನ ಒಳಗೇ ಒಂದು ಕಿಂಡಿ ಇದೆ, ಅದನ್ನು ತಿಳಿದಿರಬೇಕು. ಎಂಇಎಲ್ ಎಂಬ ಪಟ್ಟಿ. ಇಂತಿಂಥ ವಸ್ತು ಕೆಟ್ಟಿದ್ದರೂ ಇಷ್ಟು ದಿನ ಹಾರಬಹುದು ಎಂದು ಅದರಲ್ಲಿರುತ್ತದೆ. ಕೆಲವಕ್ಕೆ 3 ದಿನ, ಕೆಲವಕ್ಕೆ 10, ಕೆಲವಕ್ಕೆ 120 ದಿನ. ಪಟ್ಟಿ ತಪ್ಪಲ್ಲ, ಓದುವ ದೀಪ ಕೆಟ್ಟಿತೆಂದು ವಿಮಾನ ನಿಲ್ಲಿಸಲಾಗುವುದಿಲ್ಲ. ಕಂಪನಿಯ ಹತ್ತಿರ ಬಿಡಿಭಾಗ ಕೊಳ್ಳಲು ಕಾಸಿಲ್ಲದಾಗ ಈ ಪಟ್ಟಿಯೇ ಗ್ಯಾರೇಜ್ ಆಗಿಬಿಡುತ್ತದೆ, ತೊಂದರೆ ಅಲ್ಲಿ. 2022ರಲ್ಲಿ ಸ್ಪೈಸ್‌ಜೆಟ್ ವಿಮಾನಗಳಲ್ಲಿ ಹದಿನೆಂಟು ದಿನದೊಳಗೆ ಎಂಟು ಅವಘಡಗಳಾದಾಗ ಡಿಜಿಸಿಎ ಕೊಟ್ಟ ನೋಟಿಸಿನಲ್ಲಿ ಇದೇ ಇತ್ತು: ಬಿಡಿಭಾಗದವರಿಗೆ ಹಣ ಸರಿಯಾಗಿ ಸಿಗುತ್ತಿಲ್ಲ, ಅದರಿಂದ ಕೊರತೆ, ಅದರಿಂದ ಪದೇ ಪದೇ ಎಂಇಎಲ್. ಆ ಹಣಕಾಸಿನ ಪರಿಶೀಲನೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ನೋಟಿಸ್ ಹೋದದ್ದು 2022ರ ಜುಲೈನಲ್ಲಿ. ನಡುವೆ ಹತ್ತು ತಿಂಗಳು ಜನ ಟಿಕೆಟ್ ಕೊಂಡು ಹಾರುತ್ತಲೇ ಇದ್ದರು.

ಹಣವಿಲ್ಲದ ಕಂಪನಿ ಎಂದ ಮೇಲೆ ನಮ್ಮ ಬೆಂಗಳೂರಿನದೇ ಕಥೆ ಹೇಳಬೇಕು. ಕಿಂಗ್‌ಫಿಷರ್! ಕೆಂಪು ಬಣ್ಣ, ಪ್ರತಿ ಸೀಟಿಗೂ ಟಿವಿ, ಕ್ಯಾಲೆಂಡರ್ ಬೇರೆ. 2005ರಲ್ಲಿ ಹಾರಿದಾಗ ಕನ್ನಡನಾಡಿನ ಕಂಪನಿ ಎಂದು ನಾವೂ ಎದೆ ಉಬ್ಬಿಸಿದೆವು. 2012ರ ಮಾರ್ಚ್ ಹೊತ್ತಿಗೆ ನೌಕರರ ಸಂಬಳ ನಿಂತಿತು. ಯೋಚಿಸಿ, ವಿಮಾನ ಯೋಗ್ಯ ಎಂದು ಸಹಿ ಹಾಕುವ ಎಂಜಿನಿಯರಿಗೆ ಏಳು ತಿಂಗಳು ಸಂಬಳವಿಲ್ಲ. ಮನೆ ಬಾಡಿಗೆ ಕಟ್ಟಿಲ್ಲ, ಮಕ್ಕಳ ಫೀಸು ಕಟ್ಟಿಲ್ಲ. ಅಂಥ ಮನುಷ್ಯನ ಕಣ್ಣಿಗೆ ನಟ್ಟು ಸಡಿಲವಾದದ್ದು ಕಾಣಬೇಕು, ಅವನ ಸಹಿಯ ಮೇಲೆ ನೂರಾರು ಜನ ಕೂರಬೇಕು. ಡಿಜಿಸಿಎಗೆ ಇದು ಗೊತ್ತಿರಲಿಲ್ಲವೇ? ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಕೊನೆಗೆ ಆ ವಿಮಾನಗಳನ್ನು ನಿಲ್ಲಿಸಿದ್ದು ಸರ್ಕಾರವಲ್ಲ, ಅದೇ ಎಂಜಿನಿಯರುಗಳು! ಅಕ್ಟೋಬರ್ ಮೊದಲ ದಿನದ ಹೊತ್ತಿಗೆ ಮುಷ್ಕರ ಹೂಡಿದರು, ಸಹಿ ಇಲ್ಲದೆ ವಿಮಾನ ನಿಂತವು. ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಿದ್ದು ಅಕ್ಟೋಬರ್ 20ಕ್ಕೆ, ನೆಲದ ಮೇಲೆ ನಿಂತ ವಿಮಾನಕ್ಕೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಯಾಕೆ ಅಷ್ಟು ತಡ? ಮಾಲೀಕ ವಿಜಯ್ ಮಲ್ಯ ಆಗ ರಾಜ್ಯಸಭೆಯ ಸದಸ್ಯರು. ಅವರನ್ನು ಅಲ್ಲಿಗೆ ಕಳಿಸಿದವರು ಯಾರು? ನಮ್ಮ ಕರ್ನಾಟಕದ ಶಾಸಕರು! 2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ. ಯಾವ ಪಕ್ಷ ಎಂದು ಕೇಳಬೇಡಿ, ಎರಡೂ ಸಲ ಸೇರಿ ಮೂರೂ ಪಕ್ಷದವರ ಕೈ ಅದರಲ್ಲಿದೆ. ವಿಮಾನ ಕಂಪನಿಯ ಮಾಲೀಕ ಕಾನೂನು ಮಾಡುವ ಸದನದಲ್ಲಿ ಕೂತಿದ್ದಾಗ ಡಿಜಿಸಿಎಯ ಒಬ್ಬ ಇನ್‌ಸ್ಪೆಕ್ಟರ್ ಹೋಗಿ ನಿಮ್ಮ ವಿಮಾನ ನಿಲ್ಲಿಸಿ ಎನ್ನುವ ಧೈರ್ಯ ಮಾಡುತ್ತಾನೆಯೇ? 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟು ಹೋದರು. ಸಂಬಳ ಬಾಕಿಯಿದ್ದವರು ಇಲ್ಲೇ ಉಳಿದರು.

ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಇಲ್ಲ ಅಂತಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಹೊಸ ಎ320 ನೆಲಕ್ಕೆ ಬಡಿದು 92 ಜನ ಸತ್ತಾಗ, ಸರ್ಕಾರ ಕೆಲವೇ ದಿನಗಳಲ್ಲಿ ಆ ಜಾತಿಯ ಅಷ್ಟೂ ವಿಮಾನಗಳನ್ನು ತಿಂಗಳುಗಟ್ಟಲೆ ನೆಲಕ್ಕೆ ಕೂರಿಸಿತು. ಆಮೇಲೆ ತನಿಖೆಯಲ್ಲಿ ಪೈಲಟ್ ತಪ್ಪು ಎಂದಾಯಿತು, ಅಷ್ಟು ದಿನ ನಿಲ್ಲಿಸಿದ್ದು ಅತಿಯಾಯಿತು ಎಂದವರೂ ಇದ್ದಾರೆ. ಇರಲಿ. ಮನಸ್ಸು ಮಾಡಿದರೆ ನಿಲ್ಲುತ್ತದೆ ಎಂಬುದು ಅವತ್ತೇ ಗೊತ್ತಾಗಿದೆ.

ಮನಸ್ಸು ಯಾಕೆ ಬರುವುದಿಲ್ಲ ಎಂದರೆ ಕೂತಿರುವ ಜಾಗ ಅಂಥದ್ದು. ವಿಮಾನ ಕಂಪನಿಗಳು ಬೆಳೆಯಲಿ, ಹೊಸ ನಿಲ್ದಾಣ ಉದ್ಘಾಟನೆ ಆಗಲಿ ಎಂದು ಓಡಾಡುವ ಮಂತ್ರಾಲಯದ ಕೈಕೆಳಗೇ ಡಿಜಿಸಿಎ ಇದೆ. ಅಪಘಾತದ ತನಿಖೆ ಮಾಡುವ ಎಎಐಬಿಯೂ ಅದೇ ಮಂತ್ರಾಲಯದ ಕೈಕೆಳಗೆ. ಮಂಗಳೂರು ದುರಂತದ ತನಿಖೆ ಮಾಡಿದ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದವರು ಸ್ವತಂತ್ರ ಸುರಕ್ಷತಾ ಮಂಡಳಿ ಬೇಕು ಎಂದರು. 2012ರಲ್ಲಿ ಬಂದದ್ದು ಈ ಎಎಐಬಿ. ಮಂತ್ರಾಲಯದ ಮನೆಯೊಳಗೇ ಇನ್ನೊಂದು ಕೋಣೆ. ಮಾವನ ಮನೆಯ ಜಗಳಕ್ಕೆ ಮಾವನೇ ಪಂಚಾಯ್ತಿದಾರ.

ಇನ್ನು ಕೆಲಸ ಮಾಡುವ ಕೈಗಳ ಲೆಕ್ಕ. 2025ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಬಂದದ್ದು: ಡಿಜಿಸಿಎಗೆ ಮಂಜೂರಾದ ತಾಂತ್ರಿಕ ಹುದ್ದೆ 1,063, ತುಂಬಿದ್ದು 553. ಅರ್ಧಕ್ಕೆ ಅರ್ಧ ಕುರ್ಚಿ ಖಾಲಿ! ಅದೇ ವರ್ಷ ಏರ್ ಇಂಡಿಯಾದ ವಾರ್ಷಿಕ ಆಡಿಟ್ಟಿನಲ್ಲಿ 51 ಲೋಪ ಸಿಕ್ಕವು, ಅದರಲ್ಲಿ ಏಳು ಅತಿ ಗಂಭೀರ ದರ್ಜೆಯವು. ಅರ್ಧ ಜನ ಹುಡುಕಿದ್ದಕ್ಕೆ ಇಷ್ಟು. ಕುರ್ಚಿ ತುಂಬಲು ಬಿಡುವಿಲ್ಲದ ದೆಹಲಿಗೆ ಹೆಸರು ಬದಲಿಸಲು ಮಾತ್ರ ಬಿಡುವಿತ್ತು. 1934ರ ಏರ್‌ಕ್ರಾಫ್ಟ್ ಕಾಯ್ದೆಯನ್ನು ತೆಗೆದು, 2025ರ ಜನವರಿ 1ರಿಂದ ‘ಭಾರತೀಯ ವಾಯುಯಾನ್ ಅಧಿನಿಯಮ್’ ಜಾರಿ ಮಾಡಿದರು. ಇಂಗ್ಲಿಷ್ ಕಾನೂನಿಗೂ ಹಿಂದಿ ಹೆಸರು! ಹಿಂದಿ ಹೆಸರಿಟ್ಟರೆ ವೈಪರ್ ತಿರುಗುತ್ತದೆಯೇ?

ದೆಹಲಿಯನ್ನು ಬೈದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗೆಲ್ಲ ಹತ್ತಿರದ ವಿಮಾನ ನಿಲ್ದಾಣ ಶಿವಮೊಗ್ಗದ ಸೋಗಾನೆ. ಕುವೆಂಪು ಹೆಸರು, 3,200 ಮೀಟರ್ ರನ್‌ವೇ, 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ನಡೆಸುವವರು ರಾಜ್ಯ ಸರ್ಕಾರದ್ದೇ ಕೆಎಸ್‌ಐಐಡಿಸಿ. ಅಂದರೆ ನಮ್ಮವರು. 2024ರ ಸೆಪ್ಟೆಂಬರ್‌ನಲ್ಲಿ ಲೈಸೆನ್ಸ್ ನವೀಕರಣದ ಹೊತ್ತಿಗೆ ಡಿಜಿಸಿಎ ಸುರಕ್ಷತೆಯ ಲೋಪಗಳನ್ನು ತೋರಿಸಿ, ಒಂದು ತಿಂಗಳಷ್ಟೇ ಮುಂದುವರಿಸಿ, ಅಷ್ಟರೊಳಗೆ ಸರಿಮಾಡಿ ಎಂದಿತು. ಆ ಲೋಪಗಳ ಪಟ್ಟಿಯನ್ನು ನಿಲ್ದಾಣದ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಿದ್ದನ್ನು ನೀವು ಯಾರಾದರೂ ನೋಡಿದಿರಾ? ಹೋಟೆಲಿನ ಗೋಡೆಗೆ ಲೈಸೆನ್ಸ್ ತೂಗು ಹಾಕಬೇಕು ಎಂಬ ನಿಯಮವಿದೆ. ಜೀವ ಒಪ್ಪಿಸುವ ಜಾಗದಲ್ಲಿ ಅಷ್ಟೂ ಬೇಡವೇ?

ಆದ್ದರಿಂದ ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಪ್ರತಿ ಕಂಪನಿಯ, ಪ್ರತಿ ನಿಲ್ದಾಣದ ಆಡಿಟ್ಟಿನಲ್ಲಿ ಸಿಕ್ಕ ಲೋಪ, ಕೊಟ್ಟ ಗಡುವು, ಸರಿಯಾಯಿತೋ ಇಲ್ಲವೋ, ಇವು ಬಹಿರಂಗವಾಗಬೇಕು, ಕರ್ನಾಟಕದ ನಿಲ್ದಾಣಗಳಲ್ಲಿ ಕನ್ನಡದಲ್ಲಿ. ಸಂಬಳ ಎರಡು ತಿಂಗಳು ನಿಂತ ಕಂಪನಿಯ ವಿಮಾನ ಮೂರನೇ ತಿಂಗಳು ಹಾರಬಾರದು. ಮೇಲಿನವರು ಹೇಳಿದರೂ ಸುಳ್ಳು ಸಹಿ ಹಾಕುವುದಿಲ್ಲ ಎಂದ ಎಂಜಿನಿಯರಿನ ಕೆಲಸ ಹೋಗಬಾರದು. ಇದನ್ನು ಪ್ರಶ್ನೆಯಾಗಿ ಬರೆದು ದಾವಣಗೆರೆ, ಶಿವಮೊಗ್ಗದ ಸಂಸದರಿಗೆ ಮುಂದಿನ ಅಧಿವೇಶನದ ಒಳಗೆ ತಲುಪಿಸೋಣ. ನಾಲ್ಕೂ ತಾಲ್ಲೂಕಿನ ಸಂಘದ ಹುಡುಗರು ಬರಲಿ, ಮನವಿ ಪತ್ರ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಗದದ ಖರ್ಚು ಮಾತ್ರ ಕೊಡಿ, ಈಗ ರೀಮಿನ ಬೆಲೆ ಕೇಳಬೇಡಿ.